ಬೀದಿಯ ಮರಗಳಿಗೊಂದು ಲೆಡ್ಜರು

ಕುರ್ಲಾ ಸ್ಟೇಶನ್ನಿನ ಪಶ್ಚಿಮದ ಬಾಗಿಲಿನಿಂದ ಹೊರಬಿದ್ದು ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಕಡೆಗೆ ನಿತ್ಯವೂ ನಡೆಯುವವರು ನಮ್ಮ ವಾಚಕರಲ್ಲಿ ಹಲವರಿರುವರು. ಆ ದಾರಿಯಲ್ಲಿ ಯಾವ ತಿರುವಿನಲ್ಲಿ ಶೇರ್ ರಿಕ್ಷಾ ದೊರೆಯುವುದು, ಯಾರ ಅಂಗಡಿಯಲ್ಲಿ ಚಿಲ್ಲರೆ ಸಿಗುವುದು, ಗಟಾರದ ಮೇಲಿನ ಯಾವ ಕಲ್ಲು ಅಲುಗಾಡುವುದು ಎಂಬುದೆಲ್ಲ ಅವರಿಗೆ ಕಂಠಪಾಠ. ಆದರೆ ಅದೇ ದಾರಿಯಲ್ಲಿ ಎಷ್ಟು ಮರಗಳಿವೆ, ಅವು ಯಾವ ಜಾತಿಯವು ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ನಮಗೂ ಅದು ಬಹುಕಾಲ ತಿಳಿದಿರಲಿಲ್ಲ. ತಿಳಿಯದಿದ್ದುದಕ್ಕೆ ತೆತ್ತ ಬೆಲೆಯನ್ನು ಮುಂದೆ ಹೇಳುವೆವು.

ಊರಿನಲ್ಲಿ ಹೀಗಲ್ಲ. ಉಡುಪಿ, ಕುಂದಾಪುರ, ಕಾರ್ಕಳಗಳ ಯಾವ ಹಿತ್ತಿಲನ್ನು ನೋಡಿದರೂ ಮರಗಳಿಗೆ ಹೆಸರಿರುವುದು: ಬಾವಿಕಟ್ಟೆಯ ಮಾವು, ಗಡಿಯ ಹಲಸು, ಹಟ್ಟಿಯ ಹಿಂದಿನ ಹುಣಿಸೆ, ಅಜ್ಜ ನೆಟ್ಟ ತೆಂಗು. ಮನೆ ಪಾಲಾಗುವಾಗ ಪಾಲುಪಟ್ಟಿಯಲ್ಲಿ ಗದ್ದೆಯ ಜತೆಗೆ ಮರಗಳ ಲೆಕ್ಕವೂ ಬರುವುದುಂಟು. ಒಂದು ಹಲಸಿನ ಮರಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ ಕತೆಯನ್ನು ಕೇಳದವರು ನಮ್ಮಲ್ಲಿ ಯಾರು? ನಾಗಬನದ ಮರದಿಂದ ಒಂದು ಗೆಲ್ಲನ್ನು ಕಡಿಯುವುದಕ್ಕೂ ಹತ್ತು ಮಂದಿಯ ಒಪ್ಪಿಗೆ ಬೇಕು. ಅದೇ ನಾವು ಮತ್ಸ್ಯಗಂಧಾ ಗಾಡಿಯಲ್ಲಿ ಬಂದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಇಳಿದೊಡನೆ, ಮರವೆಂಬುದು ಕೊಡೆಯಿಲ್ಲದಾಗ ನಿಲ್ಲುವ ಜಾಗವೂ ಬೋರ್ಡು ಹೊಡೆಯುವ ಕಂಬವೂ ಆಗಿಬಿಡುವುದು. ಅದು ಯಾರದೂ ಅಲ್ಲದ ಮರ.

ಯಾರದೂ ಅಲ್ಲವೆಂಬ ಈ ಭಾವನೆ ಕಾಯಿದೆಯ ದೃಷ್ಟಿಯಿಂದ ತಪ್ಪು. ನಗರಪ್ರದೇಶದ ಮರಗಳ ರಕ್ಷಣೆಗಾಗಿ ಮಹಾರಾಷ್ಟ್ರವು 1975ರಲ್ಲಿಯೇ ಕಾಯಿದೆಯೊಂದನ್ನು ಮಾಡಿತು. ಮರುವರ್ಷ, 1976ರಲ್ಲಿ, ಕರ್ನಾಟಕದಲ್ಲಿಯೂ ಮರಗಳ ರಕ್ಷಣೆಯ ಕಾಯಿದೆಯಾಯಿತು. ಮಹಾರಾಷ್ಟ್ರದ ಕಾಯಿದೆಯಂತೆ ನಗರಕ್ಕೊಂದು ವೃಕ್ಷ ಪ್ರಾಧಿಕಾರವಿರಬೇಕು, ಅಪ್ಪಣೆಯಿಲ್ಲದೆ ಮರ ಕಡಿಯಬಾರದು, ಐದು ವರ್ಷಗಳಿಗೊಮ್ಮೆ ಮರಗಳ ಗಣತಿ ನಡೆಯಬೇಕು. 2021ರ ತಿದ್ದುಪಡಿಯು 50 ವರ್ಷ ಅಥವಾ ಅದಕ್ಕೂ ಹೆಚ್ಚು ಪ್ರಾಯದ ಮರಗಳಿಗೆ ಪಾರಂಪರಿಕ ವೃಕ್ಷಗಳೆಂಬ ಮಾನ್ಯತೆಯನ್ನಿತ್ತಿತು.

ಬೃಹನ್ಮುಂಬಯಿ ಮಹಾನಗರಪಾಲಿಕೆಯ 2008ರ ಗಣತಿಯಲ್ಲಿ ಕಂಡುಬಂದ ಮರಗಳು 19 ಲಕ್ಷ 17 ಸಾವಿರದಷ್ಟು. 2018ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಆ ಸಂಖ್ಯೆ 29,75,283ಕ್ಕೆ ಏರಿತು. ಹತ್ತು ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಮರಗಳು ಹೆಚ್ಚಿದುವೆಂದು ಸಂತೋಷಪಡುವವರು ಪಡಲಿ. ಹೋಟೆಲು ನಡೆಸಿದ ನಮಗೆ ಸ್ವಲ್ಪ ಸಂಶಯ ಸಹಜ. ಹೊಸ ಮೇನೇಜರು ಬಂದು ದಾಸ್ತಾನು ಎಣಿಸಿದಾಗ ಸ್ಟೀಲು ಲೋಟಗಳ ಸಂಖ್ಯೆ ಒಮ್ಮೆಲೇ ಏರುವುದುಂಟು. ಲೋಟಗಳು ಮರಿಹಾಕಿದುವೆಂದಲ್ಲ; ಹಿಂದಿನವನು ಅಟ್ಟ ಹತ್ತಿ ನೋಡಿರಲಿಲ್ಲ, ಅಷ್ಟೆ. 2018ರ ಗಣತಿಯಲ್ಲಿ ಉಪಗ್ರಹಗಳ ಸಂಕೇತದಿಂದ ಸ್ಥಾನ ತಿಳಿಸುವ ಜಿಪಿಎಸ್ ಉಪಕರಣವನ್ನೂ ಭೂಪಟದ ಮೇಲೆ ಮಾಹಿತಿಯನ್ನು ಕೂರಿಸುವ ಜಿಐಎಸ್ ಎಂಬ ಕಂಪ್ಯೂಟರು ವ್ಯವಸ್ಥೆಯನ್ನೂ ಬಳಸಲಾಯಿತು. ಎಣಿಸುವ ಕ್ರಮ ಬದಲಾದ ಮೇಲೆ ಎರಡು ಮೊತ್ತಗಳನ್ನು ಹೋಲಿಸುವಾಗ ಎಚ್ಚರ ಬೇಕು.

ಮೊತ್ತಕ್ಕಿಂತ ಅದರ ವಿಂಗಡಣೆ ಹೆಚ್ಚು ಬೋಧಪ್ರದ. 29,75,283ರಲ್ಲಿ ಖಾಸಗಿ ಆವರಣಗಳಲ್ಲಿರುವವು 15,63,701, ಸರಕಾರಿ ಆವರಣಗಳಲ್ಲಿ 11,25,182, ಉದ್ಯಾನಗಳಲ್ಲಿ 1,01,067. ರಸ್ತೆಯ ಬದಿಯಲ್ಲಿ ನಿಂತಿರುವವು 1,85,333 ಮಾತ್ರ. ನೂರಕ್ಕೆ ಆರಕ್ಕಿಂತ ತುಸು ಹೆಚ್ಚು! ಬಸ್ಸಿಗೆ ಕಾಯುವವನಿಗೂ ಮಧ್ಯಾಹ್ನ ಟಿಫಿನ್ ಹೊತ್ತು ನಡೆಯುವವನಿಗೂ ನೆರಳು ಕೊಡುವುದು ಈ ಆರೇ ಮರಗಳು. ಗೋಡೆಯಾಚೆಯ ತೊಂಬತ್ತನಾಲ್ಕರ ನೆರಳು ಬಹುಮಟ್ಟಿಗೆ ಗೋಡೆಯಾಚೆಯವರದೇ.

ಇಂಥ ಲೆಡ್ಜರಿನಲ್ಲಿ ಏನು ಬರೆದಿರುವುದೆಂದು ನಮ್ಮ ಗುಮಾಸ್ತ ಮಿತ್ರರು ಕೇಳಬಹುದು. ಮರಕ್ಕೊಂದು ಕ್ರಮಾಂಕ, ಅದರ ಅಕ್ಷಾಂಶ ರೇಖಾಂಶ, ಜಾತಿ, ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ, ಎತ್ತರ, ಕೊಂಬೆಗಳ ಹರವು, ಆರೋಗ್ಯ, ಸಾಧ್ಯವಾದರೆ ಭಾವಚಿತ್ರ. ಇದಿಷ್ಟು ಆರಂಭದ ಶಿಲ್ಕು. ಲೆಡ್ಜರು ಲೆಡ್ಜರೆನಿಸಬೇಕಾದರೆ ಇದರ ಕೆಳಗೆ ದಿನದಿನದ ಜಮಾಖರ್ಚು ಬೀಳಬೇಕು: ಯಾವಾಗ ಕೊಂಬೆ ಸವರಿದರು, ಯಾರು ದೂರು ಕೊಟ್ಟರು, ಯಾರು ಬಂದು ನೋಡಿದರು, ಬುಡದ ಸುತ್ತ ಯಾವಾಗ ರಸ್ತೆ ಅಗೆದರು. ಹೀಗೆ ಬಿದ್ದರೆ, ಮಳೆಗಾಲಕ್ಕೆ ಮುಂಚೆ ಕುರ್ಲಾವನ್ನೊಳಗೊಂಡ ‘ಎಲ್’ ವಾರ್ಡಿನಲ್ಲಿ ಎರಡು ವರ್ಷಗಳಿಂದ ಕತ್ತಿ ಮುಟ್ಟದ, ಒಂದು ಬದಿಗೆ ವಾಲಿದ, ಶಾಲೆಯ ಎದುರಿನ ಮರಗಳೆಷ್ಟು ಎಂದು ಕೇಳಿದರೆ ಕಂಪ್ಯೂಟರು ಕ್ಷಣದಲ್ಲಿ ಪಟ್ಟಿ ಕೊಡುವುದು. ಗಟಾರ, ತಂತಿ, ಕೊಳವೆಗಳ ನಕ್ಷೆಯನ್ನು ಅದರ ಮೇಲಿರಿಸಿದರೆ, ಯಾವ ಅಗೆತದಲ್ಲಿ ಯಾವ ಮರದ ಬೇರು ತುಂಡಾಗುವುದೆಂದು ಗುದ್ದಲಿ ಬೀಳುವ ಮುಂಚೆಯೇ ಗೊತ್ತಾಗುವುದು.

ಜಾತಿಯನ್ನು ಬರೆದಿಡುವುದರ ಪ್ರಯೋಜನ ಇನ್ನೊಂದು ಬಗೆಯದು. ಮುಂಬಯಿಯ ರಸ್ತೆಗಳ ಮೇಲೆ ಕಮಾನಿನಂತೆ ಚಾಚಿರುವ ಮಳೆಮರಗಳನ್ನು ಎಲ್ಲರೂ ಕಂಡಿರುವರು. ಅವು ನಮ್ಮ ದೇಶದವಲ್ಲ, ಅಮೇರಿಕ ಖಂಡದ ಉಷ್ಣವಲಯದವು. 2010ರ ದಶಕದಲ್ಲಿ ಹಿಟ್ಟುತಿಗಣೆಯ ಬಾಧೆ ತಗಲಿ ಈ ನಗರದ ಅನೇಕ ಮಳೆಮರಗಳು ನಿಂತಲ್ಲಿಯೇ ಒಣಗಿದುವು. ಒಂದು ಬೀದಿಗೆ ಒಂದೇ ಜಾತಿಯನ್ನು ನೆಟ್ಟರೆ ಒಂದೇ ಕೀಟಕ್ಕೆ ಇಡೀ ಬೀದಿ ಬೋಳು. ಮುಂದಿನ ಸಸಿಯನ್ನು ಆರಿಸುವವನ ಕೈಯಲ್ಲಿ ಈ ಲೆಕ್ಕವಿರಬೇಡವೇ?

ಇನ್ನು ನಮ್ಮ ಸ್ವಂತ ಕತೆ. ಕುರ್ಲಾ ಪಶ್ಚಿಮದಲ್ಲಿ ನಾವು ಆಗ ನಡೆಸುತ್ತಿದ್ದ ಉಪಾಹಾರಗೃಹದ ಎದುರು ಒಂದು ಹಳೆಯ ಮಳೆಮರವಿದ್ದಿತು. ರಸ್ತೆಯ ಆಚೆ ಬದಿಯಲ್ಲಿ ಅದೇ ಜಾತಿಯ ಇನ್ನೊಂದು. ನಮ್ಮ ಬದಿಯ ಮರದ ದೊಡ್ಡ ಕೊಂಬೆಯೊಂದು 2008ರ ಚಳಿಗಾಲದಿಂದಲೇ ಎಲೆ ಬಿಡದೆ ಒಣಗಿತ್ತು. “ಹೋಟೆಲಿನ ಎದುರಿನ ಮರದ ಕೊಂಬೆಯನ್ನು ಕಡಿಸಿಕೊಡಬೇಕಾಗಿ ವಿನಂತಿ” ಎಂದು ನಾವು ಎರಡು ಸಲ ಪತ್ರ ಕೊಟ್ಟೆವು. 2009ರ ಮೇ ತಿಂಗಳಲ್ಲಿ ಕತ್ತಿ ಹಗ್ಗಗಳೊಡನೆ ಆಳುಗಳು ಬಂದರು. ಬೆಳಗಿನ ಇಡ್ಲಿಯ ಗಿರಾಕಿಯಲ್ಲಿ ಗಲ್ಲಾ ಬಿಟ್ಟೇಳಲು ನಮಗೆ ಬಿಡುವಿರಲಿಲ್ಲ. ಎದ್ದು ನೋಡುವಾಗ, ರಸ್ತೆಯ ಆಚೆಯ ಹಸುರು ಮರದ ಕೊಂಬೆಗಳು ನೆಲದ ಮೇಲಿದ್ದುವು, ಆಳುಗಳು ಹೊರಟುಹೋಗಿದ್ದರು. ಅವರನ್ನು ದೂರಲಾರೆವು. ‘ಎದುರಿನ ಮರ’ ಎಂದರೆ ರಸ್ತೆಯ ಎದುರು ಬದಿಯದೆಂದು ಯಾರೂ ತಿಳಿಯಬಹುದು. ನಮ್ಮ ಪತ್ರದಲ್ಲಿ ಆ ಮರಕ್ಕೆ ಹೆಸರೂ ಇರಲಿಲ್ಲ, ನಂಬರೂ ಇರಲಿಲ್ಲ. ಮೂರನೆಯ ಪತ್ರವನ್ನು ಬರೆಯೋಣವೆಂದುಕೊಂಡೆವು; ಬರೆಯಲಿಲ್ಲ.

ಜೂನ್ ಕೊನೆಯ ಒಂದು ರಾತ್ರಿ, ಬಾಗಿಲು ಮುಚ್ಚಿ ಒಂದು ಗಂಟೆಯಾಗಿರಬಹುದು, ಆ ಒಣಕೊಂಬೆ ಮುರಿದು ನಮ್ಮ ಜಗಲಿಯ ತಗಡಿನ ಮೇಲೆ ಬಿದ್ದಿತು. ಜಗಲಿಯಲ್ಲಿ ಮೂವರು ಮಲಗಿದ್ದರು. ಹೋಟೆಲಿನವರು ಎಲ್ಲಿ ಮಲಗುವರೆಂದು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ. ಇಬ್ಬರು ಹೆದರಿಕೆಯಲ್ಲಿಯೇ ಪಾರಾದರು. ಮೂರನೆಯವನು, ನಮ್ಮೂರ ಕಡೆಯಿಂದ ಬಂದು ಎಂಟೇ ತಿಂಗಳಾಗಿದ್ದ ಹುಡುಗ, ಬಲಭುಜ ಮುರಿದುಕೊಂಡನು. ಆಸ್ಪತ್ರೆಯ ಖರ್ಚು ನಾವು ಕೊಟ್ಟೆವು. ಮೂಳೆ ಕೂಡಿತು, ಆದರೆ ತಲೆಗಿಂತ ಮೇಲೆ ಆ ಕೈ ಏಳಲಿಲ್ಲ. ಮೇಲಿನ ಹಲಗೆಯಿಂದ ತಟ್ಟೆ ಇಳಿಸಲಾಗದವನಿಗೆ ಹೋಟೆಲಿನಲ್ಲಿ ಯಾವ ಕೆಲಸ? ದೀಪಾವಳಿಗೆ ಊರಿಗೆ ಹೋದವನು ಮರಳಲಿಲ್ಲ.

ಪತ್ರದಲ್ಲಿ ನಾವು ಬರೆಯದಿದ್ದ ಸಂಗತಿ ಇನ್ನೂ ಇದೆ. ಇಡ್ಲಿ ಅಟ್ಟದ ಕುದಿನೀರನ್ನೂ ಅನ್ನದ ಗಂಜಿಯನ್ನೂ ಆರು ವರ್ಷಗಳ ಕಾಲ ಮಧ್ಯಾಹ್ನದ ವೇಳೆ ನಮ್ಮ ಮಾಣಿಗಳು ಚೆಲ್ಲುತ್ತಿದ್ದುದು ಅದೇ ಮರದ ಬುಡಕ್ಕೆ. ನಮ್ಮ ಬೋರ್ಡಿನ ನಾಲ್ಕು ದಪ್ಪ ಮೊಳೆಗಳು ಅದೇ ಕಾಂಡದಲ್ಲಿ. ಗಿರಾಕಿಗಳು ನಿಂತು ಚಹಾ ಕುಡಿಯಲೆಂದು ಬುಡದ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿದವರೂ ನಾವೇ. ಕಾಂಡಕ್ಕೂ ಸಿಮೆಂಟಿಗೂ ನಡುವೆ ಬೆರಳು ತೂರುವಷ್ಟು ಸ್ಥಳವಿರಲಿಲ್ಲ. ಬೇರಿಗೆ ನೀರೂ ಗಾಳಿಯೂ ಬೇಕೆಂಬುದು ಬೇಸಾಯದ ಮನೆಯಲ್ಲಿ ಹುಟ್ಟಿದ ನಮಗೆ ಗೊತ್ತಿರದ ವಿಷಯವೇ? ದಿಲ್ಲಿಯ ಮರಗಳ ಸುತ್ತ ಒಂದು ಮೀಟರು ಜಾಗವನ್ನು ಕಾಂಕ್ರೀಟಿನಿಂದ ಮುಕ್ತಗೊಳಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ಆಜ್ಞಾಪಿಸಿದ ಸುದ್ದಿಯನ್ನು ಓದಿದಾಗ, ಆ ಚಹಾದ ಕಟ್ಟೆ ನಮ್ಮ ಕಣ್ಣಮುಂದೆ ಬಂದು ನಿಂತಿತು.

ಹಾಗೆಂದು ಲೆಡ್ಜರೊಂದಿದ್ದರೆ ಎಲ್ಲವೂ ಸರಿಹೋಗುವುದೆಂದು ನಾವು ಹೇಳುತ್ತಿಲ್ಲ. 2017ರ ಜುಲೈಯಲ್ಲಿ, ನಮ್ಮ ನೆರೆಯ ಚೆಂಬೂರಿನಲ್ಲಿ, ಬೆಳಗಿನ ಹೊತ್ತು ನಡೆದುಹೋಗುತ್ತಿದ್ದ ಮಹಿಳೆಯೊಬ್ಬರ ಮೇಲೆ ತೆಂಗಿನ ಮರ ಬಿದ್ದು ಅವರು ತೀರಿಕೊಂಡರು. ಆ ಮರವನ್ನು ಕಡಿಯಬೇಕೆಂದು ನಿವಾಸಿಗಳು ಮೊದಲೇ ಅರ್ಜಿ ಕೊಟ್ಟಿದ್ದರೆಂದೂ, ಪರಿಶೀಲನೆಯ ಬಳಿಕ ಒಪ್ಪಿಗೆ ದೊರೆತಿರಲಿಲ್ಲವೆಂದೂ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಹೊರಗೆ ಹಸುರಾಗಿ ಒಳಗೆ ಪೊಳ್ಳಾದ ಮರ ನೋಟಕ್ಕೆ ಸಿಕ್ಕುವುದಿಲ್ಲ. ಕಾಂಡಕ್ಕೆ ಮೆಲ್ಲಗೆ ಬಡಿದು, ಶಬ್ದದ ಅಲೆ ಹಾಯುವ ವೇಗದಿಂದ ಒಳಗಿನ ಪೊಳ್ಳನ್ನು ಕಂಡುಹಿಡಿಯುವ ಯಂತ್ರಗಳುಂಟು. ಲಕ್ಷಾಂತರ ಮರಗಳಿಗೆ ಅವನ್ನು ಕಟ್ಟಿ ನೋಡುವುದು ಆಗುವ ಮಾತಲ್ಲ. ಯಾವ ಕೆಲವು ಮರಗಳಿಗೆ ಕಟ್ಟಬೇಕೆಂದು ಆರಿಸಿಕೊಡುವುದಷ್ಟೇ ಲೆಡ್ಜರಿನಿಂದಾಗುವ ಉಪಕಾರ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಕೂಡ ಕೆಲವು ಮೀಟರು ಅತ್ತಿತ್ತ ತೋರಿಸುವುದುಂಟು. ಹತ್ತಡಿ ಅಂತರದ ಎರಡು ಮರಗಳು ಲೆಕ್ಕದಲ್ಲಿ ಅದಲುಬದಲಾಗಬಹುದು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತ ಬೀಸಿದಾಗ ಮುಂಬಯಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದುವು. ಉರುಳಿದ ಮರದ ಹೆಸರಿನ ಮುಂದೆ ಆ ವಾರವೇ ಗೆರೆ ಎಳೆಯದಿದ್ದರೆ, ಮುಂದಿನ ಗಣತಿಯವರೆಗೂ ಅದು ಕಾಗದದ ಮೇಲೆ ಚಿಗುರುತ್ತಲೇ ಇರುವುದು. ಕಾಯಿದೆಯ ಐದು ವರ್ಷಗಳ ಲೆಕ್ಕದಂತೆ 2018ರ ಪಟ್ಟಿಯ ಆಯುಷ್ಯ 2023ಕ್ಕೇ ಮುಗಿಯಿತು.

ಲೆಕ್ಕವಿದ್ದ ಮಾತ್ರಕ್ಕೆ ಮರ ಉಳಿಯುವುದೆಂದೂ ಇಲ್ಲ. ಆರೇ ಕಾಲೊನಿಯಲ್ಲಿ ಮೆಟ್ರೋ ಡಿಪೋವಿಗಾಗಿ ತೆಗೆಯಬೇಕಾದ ಮರಗಳು 2,646 ಎಂದು ಕರಾರುವಾಕ್ಕಾಗಿ ಎಣಿಸಲಾಗಿತ್ತು. 2019ರ ಅಕ್ಟೋಬರ 4ರಂದು ಹೈಕೋರ್ಟು ಅರ್ಜಿಗಳನ್ನು ವಜಾ ಮಾಡಿದ ರಾತ್ರಿಯೇ ಗರಗಸಗಳು ಆರಂಭವಾದುವು. 7ರಂದು ಸುಪ್ರೀಂ ಕೋರ್ಟು ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮರಗಳು ಬಿದ್ದಾಗಿದ್ದುವು. ಎಣಿಕೆ ಕಡಿಯುವವನಿಗೂ ಉಪಯೋಗ, ಉಳಿಸುವವನಿಗೂ ಉಪಯೋಗ.

ನಮ್ಮ ರಾಜಧಾನಿಯ ಸಂಗತಿಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುವೆವು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ನೆಟ್ಟ ಆ ನಗರದಲ್ಲಿ, ಇರುವ ಮರಗಳನ್ನು ಎಣಿಸಿರೆಂದು ಕಡೆಗೆ ಹೈಕೋರ್ಟೇ ಹೇಳಬೇಕಾಯಿತು.

ಹೊರದೇಶದಲ್ಲಿ ಈ ಕೆಲಸಕ್ಕೆ ಜನರನ್ನೇ ಹೂಡಿದ ಉದಾಹರಣೆಗಳಿವೆ. ನ್ಯೂಯಾರ್ಕಿನವರು 1995ರಿಂದ ಹತ್ತು ವರ್ಷಗಳಿಗೊಮ್ಮೆ ಬೀದಿಮರಗಳನ್ನು ಎಣಿಸುತ್ತ ಬಂದು 2015ರಲ್ಲಿ 6,66,134 ಮರಗಳನ್ನು ಪಟ್ಟಿಮಾಡಿದರು. ಅಳತೆಪಟ್ಟಿ ಹಿಡಿದು ಬೀದಿಗಿಳಿದ ಸ್ವಯಂಸೇವಕರೇ ಎರಡು ಸಾವಿರಕ್ಕೂ ಹೆಚ್ಚು. ಆ ನಕ್ಷೆ ಯಾರೂ ನೋಡಬಹುದಾದದ್ದು. ಆಸ್ಟ್ರೇಲಿಯದ ಮೆಲ್ಬೋರ್ನಿನವರು 2013ರಲ್ಲಿ ಮರಗಳಿಗೆ ನಂಬರಿನ ಜತೆಗೆ ಇ-ಮೇಲ್ ವಿಳಾಸವನ್ನೂ ಕೊಟ್ಟರು, ಕೊಂಬೆ ಮುರಿದರೆ ತಿಳಿಸಲೆಂದು. ಜನರು ಮರಗಳಿಗೆ ಪ್ರೇಮಪತ್ರಗಳನ್ನು ಬರೆಯತೊಡಗಿದರಂತೆ! ನಮ್ಮವರು ಅಷ್ಟರ ಮಟ್ಟಿಗೆ ಹೋಗಬೇಕಾದುದಿಲ್ಲ. ಸರಿಯಾಗಿ ಒಂದು ದೂರು ಬರೆದರೆ ಸಾಕು.

ದೂರು ಬರೆಯುವ ಕ್ರಮವನ್ನು, ಪೆಟ್ಟು ತಿಂದು ಕಲಿತುದರಿಂದ, ಇಲ್ಲಿ ಹೇಳುವೆವು. ಮರದ ಮೇಲೆ ಕ್ರಮಾಂಕವಿದ್ದರೆ ಅದನ್ನೇ ಬರೆಯಿರಿ. ಇಲ್ಲವಾದರೆ ಹತ್ತಿರದ ದೀಪದ ಕಂಬಕ್ಕೆ ನಂಬರಿರುವುದು; ಆ ಕಂಬದಿಂದ ಮರ ಎಷ್ಟು ಹೆಜ್ಜೆ, ಯಾವ ಬದಿಗೆ ಎಂದು ಬರೆಯಿರಿ. ‘ಎದುರಿನ’ ಎಂಬ ಶಬ್ದ ಬೇಡ. ಫೋನಿನಲ್ಲಿ ಎರಡು ಚಿತ್ರ ತೆಗೆಯಿರಿ, ಒಂದರಲ್ಲಿ ಬುಡ, ಇನ್ನೊಂದರಲ್ಲಿ ಒಣಗಿದ ಕೊಂಬೆ ಕಾಣುವಂತೆ. ವಾರ್ಡು ಕಚೇರಿಯಲ್ಲಿ ಸ್ವೀಕೃತಿ ಪಡೆಯಿರಿ. ಕೊಂಬೆ ಈಗಲೋ ಆಗಲೋ ಎಂಬಂತಿದ್ದರೆ ಪಾಲಿಕೆಯ 1916 ಸಂಖ್ಯೆಗೆ ಕರೆಮಾಡಿ, ಅವರು ಕೊಡುವ ದೂರಿನ ನಂಬರನ್ನು ಗಲ್ಲಾದ ಪುಸ್ತಕದಲ್ಲಿಯೇ ಬರೆದಿಡಿರಿ. ಮರ ಸೊಸೈಟಿಯ ಆವರಣದೊಳಗಿನದಾದರೆ ಅಪ್ಪಣೆ ಪಡೆದು ಸವರಿಸುವ ಹೊಣೆ ಸೊಸೈಟಿಯದು. ಅದರ ಕಾರ್ಯದರ್ಶಿಗೆ ಮೇ ತಿಂಗಳಿಗೆ ಮುಂಚೆಯೇ ನೆನಪು ಮಾಡಿರಿ. ಆಳುಗಳು ಬಂದ ದಿನ, ಗಿರಾಕಿ ಎಷ್ಟೇ ಇರಲಿ, ಒಬ್ಬನು ಹೊರಗೆ ಹೋಗಿ ನಿಂತು ಮರವನ್ನು ಬೆರಳಿಟ್ಟು ತೋರಿಸಲಿ.

ಆ ಹೋಟೆಲು ಈಗ ಬೇರೆಯವರ ಕೈಯಲ್ಲಿದೆ. ಹಳೆಯ ಮರವಿಲ್ಲ, ಅದರ ಸ್ಥಳದಲ್ಲಿ ಕಬ್ಬಿಣದ ಪಂಜರದೊಳಗೆ ಹೊಂಗೆಯ ಗಿಡವೊಂದು ಆಳೆತ್ತರ ಬೆಳೆದಿರುವುದು. ಕಳೆದ ತಿಂಗಳು ಆ ದಾರಿಯಲ್ಲಿ ಹೋದಾಗ ಒಳಗಿನಿಂದ ಮಾಣಿಯೊಬ್ಬನು ಹಬೆಯಾಡುವ ಬಕೀಟನ್ನು ಹಿಡಿದು ಗಿಡದ ಕಡೆಗೇ ಬಂದನು. ನಾವು ಕೈ ಅಡ್ಡ ಹಿಡಿದು ಗಟಾರವನ್ನು ತೋರಿಸಿದೆವು. ಇವರಾರೆಂಬಂತೆ ಒಮ್ಮೆ ನಮ್ಮನ್ನು ನೋಡಿ ಅವನು ಗಟಾರಕ್ಕೇ ಸುರಿದನು.