ಇಸ್ಲಾಮು, ಜಾಗತಿಕ ರಾಜಕಾರಣ ಮತ್ತು ಕೃಷ್ಣಾತೀರದ ಇತಿಹಾಸ: ಈಚಿನ ಕೆಲವು ಗ್ರಂಥಗಳ ಪರಾಮರ್ಶೆ

ಇಸ್ಲಾಮನ್ನೂ ಅದರ ಇತಿಹಾಸವನ್ನೂ ಕುರಿತು ಕಳೆದ ಐವತ್ತು ವರ್ಷಗಳಲ್ಲಿ ಪ್ರಕಟವಾಗಿರುವ ವಿದ್ವತ್ಪೂರ್ಣ ಗ್ರಂಥಗಳು ಅಸಂಖ್ಯವಾಗಿವೆ. ಅವೆಲ್ಲವನ್ನೂ ಇಲ್ಲಿ ಪರಿಶೀಲಿಸುವುದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ಒಂದು ಕಾಲಕ್ಕೆ ವಿಜಾಪುರದ ಆದಿಲಶಾಹಿ ರಾಜ್ಯಕ್ಕೆ ಸೇರಿದ್ದ ಕೃಷ್ಣಾತೀರದ ಇತಿಹಾಸವನ್ನು ನಾವು ಬೋಧಿಸುವ ಕ್ರಮದ ಮೇಲೆ ಯಾವ ಗ್ರಂಥಗಳು ಬೆಳಕು ಚೆಲ್ಲಬಲ್ಲವೋ ಅಂಥ ಕೆಲವನ್ನು ಮಾತ್ರ ಆರಿಸಿಕೊಂಡು, ಅವುಗಳ ಸಾರವನ್ನೂ ಇತಿಮಿತಿಗಳನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶವಾಗಿದೆ.

ಜೇಮ್ಸ್ ಮಿಲ್ಲನು 1817ರಲ್ಲಿ ಪ್ರಕಟಿಸಿದ ಇತಿಹಾಸವು ಭಾರತದ ಗತಕಾಲವನ್ನು ಹಿಂದೂ, ಮುಸ್ಲಿಮ್, ಬ್ರಿಟಿಷ್ ಎಂಬ ಮೂರು ಯುಗಗಳಾಗಿ ನೋಡುವ ರೂಢಿಗೆ ತಳಹದಿ ಹಾಕಿತು. ಈ ವಿಭಾಗವನ್ನು ವಿದ್ವಾಂಸರು ಎಂದೋ ಕೈಬಿಟ್ಟಿದ್ದರೂ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅದು ಇನ್ನೂ ಜೀವಂತವಾಗಿದೆ. ಜಮಖಂಡಿಯಿಂದ ವಿಜಯಪುರದ ಕಡೆಗಿರುವ ಸಾವಳಗಿಯಂಥ ಊರಿನಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯನ್ನು ತೆಗೆದುಕೊಳ್ಳೋಣ. ಜಮೀನು, ತಾರೀಖು, ಇನಾಮು, ದಫ್ತರ, ಫಿರ್ಯಾದಿ ಎಂಬ ಮಾತುಗಳನ್ನು ಅವನು ಅಚ್ಚಗನ್ನಡವೆಂದೇ ಬಳಸುತ್ತಾನೆ. ಕ್ರಿ.ಶ. 680ರಲ್ಲಿ ದೂರದ ಕರ್ಬಲೆಯಲ್ಲಿ ನಡೆದ ದುರಂತವನ್ನು ಮೊಹರಮ್ಮಿನ ರಿವಾಯತ ಪದಗಳಲ್ಲಿ ಈ ಸೀಮೆಯ ಜನ ಕನ್ನಡದಲ್ಲಿಯೇ ಹಾಡುತ್ತಾರೆ, ಹಾಡುವವರೆಲ್ಲರೂ ಮುಸಲ್ಮಾನರಲ್ಲ. ಪಠ್ಯದಲ್ಲಿ ಮಾತ್ರ ಅವನು ಎರಡು ಮತಗಳ ನಿರಂತರ ಕಾಳಗವನ್ನು ಓದುತ್ತಾನೆ. ಊರಿನ ಅನುಭವ, ಪುಸ್ತಕದ ವಾಕ್ಯ ಇವೆರಡರಲ್ಲಿ ಯಾವುದನ್ನು ನಂಬಬೇಕೆಂಬ ಪ್ರಶ್ನೆಗೆ ಅಧ್ಯಾಪಕರಾದ ನಾವು ಉತ್ತರ ಹೇಳಲೇಬೇಕಾಗಿದೆ.

1. ಆದಿಲಶಾಹಿಯನ್ನು ಕುರಿತ ಗ್ರಂಥಗಳು

ಈ ದಿಕ್ಕಿನಲ್ಲಿ ಮೊದಲು ಹೆಸರಿಸತಕ್ಕುದು ರಿಚರ್ಡ್ ಈಟನ್ ಅವರು 1978ರಲ್ಲಿ ಪ್ರಕಟಿಸಿದ 'ಸೂಫೀಸ್ ಆಫ್ ಬಿಜಾಪುರ್' ಎಂಬ ಗ್ರಂಥ. ಸೂಫಿಗಳೆಲ್ಲರೂ ಶಾಂತಿದೂತರೆಂದು ಕೆಲವರೂ, ಎಲ್ಲರೂ ಮತಪ್ರಚಾರಕರೆಂದು ಇನ್ನು ಕೆಲವರೂ ಹೇಳುತ್ತ ಬಂದಿದ್ದರು. ಈಟನ್ ಅವರು ಈ ಎರಡು ಮಾತುಗಳನ್ನೂ ಒಪ್ಪುವುದಿಲ್ಲ. ಯೋಧರು, ಸುಧಾರಕರು, ಸಾಹಿತಿಗಳು, ಇನಾಮು ಭೂಮಿಯನ್ನು ಪಡೆದು ನೆಲೆನಿಂತವರು, ಕಟ್ಟುಪಾಡುಗಳನ್ನು ಮೀರಿದ ಅವಧೂತರು ಎಂದು ಅವರು ಸೂಫಿಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಾರೆ. ಒಬ್ಬೊಬ್ಬರಿಗೂ ಅರಮನೆಯೊಡನೆ, ಉಲೇಮಾಗಳೊಡನೆ, ಜನಸಾಮಾನ್ಯರೊಡನೆ ಇದ್ದ ಸಂಬಂಧ ಬೇರೆಯಾಗಿದ್ದಿತು. ಹೆಂಗಸರು ಬೀಸುವಾಗ ಹಾಡುತ್ತಿದ್ದ ಚಕ್ಕೀನಾಮಾ, ನೂಲುವಾಗ ಹಾಡುತ್ತಿದ್ದ ಚರಖಾನಾಮಾ ಎಂಬ ದಖನಿ ಪದಗಳು ಸೂಫಿ ವಿಚಾರಗಳನ್ನು ಮನೆಯೊಳಗೆ ಕೊಂಡೊಯ್ದ ಬಗೆಯನ್ನು ಅವರು ತೋರಿಸಿರುವುದು ವಿಶೇಷವಾಗಿ ಮನನೀಯವಾದುದು. ಬೀಸುಕಲ್ಲಿನ ಪದಗಳ ಸಂಪತ್ತುಳ್ಳ ಕನ್ನಡನಾಡಿಗೆ ಇದು ಅಪರಿಚಿತ ಲೋಕವೇನಲ್ಲ. ಒಂದು ಮತವು ಹಳ್ಳಿಯನ್ನು ತಲುಪುವ ದಾರಿ ಯಾವಾಗಲೂ ಖಡ್ಗದ್ದಾಗಲಿ ಪಂಡಿತರ ವಾದದ್ದಾಗಲಿ ಆಗಿರಬೇಕಿಲ್ಲ. ಅದು ಅಡಿಗೆಮನೆಯದೂ ಆಗಿರಬಹುದು.

ಈಟನ್ ಅವರ ಇನ್ನೊಂದು ಕೃತಿ 2005ರಲ್ಲಿ ಬಂದ 'ಎ ಸೋಶಿಯಲ್ ಹಿಸ್ಟರಿ ಆಫ್ ದಿ ಡೆಕ್ಕನ್'. ಎಂಟು ವ್ಯಕ್ತಿಗಳ ಜೀವನಗಳ ಮೂಲಕ ದಖ್ಖನಿನ ಸಮಾಜವನ್ನು ನಿರೂಪಿಸುವ ಈ ಗ್ರಂಥದಲ್ಲಿ ಕಲಬುರ್ಗಿಯ ಗೇಸುದರಾಜ್, ಬೀದರಿನ ಮಹಮೂದ್ ಗವಾನ್, ವಿಜಯನಗರದ ರಾಮರಾಯ, ಸಂತ ತುಕಾರಾಮ ಮೊದಲಾದವರು ಒಂದೇ ನೆಲದ ಮಕ್ಕಳಾಗಿ ಕಾಣಿಸಿಕೊಳ್ಳುತ್ತಾರೆ. 1565ರ ರಕ್ಕಸಗಿ ತಂಗಡಗಿ ಯುದ್ಧವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಒಂದನೆಯ ಅಲಿ ಆದಿಲಶಾಹನು ರಾಮರಾಯನ ಮಿತ್ರನಾಗಿದ್ದು, ಇಬ್ಬರೂ ಕೂಡಿ ಅಹಮದನಗರದ ಮೇಲೆ ದಂಡೆತ್ತಿ ಹೋಗಿದ್ದರು. ರಾಮರಾಯನ ಸೈನ್ಯದಲ್ಲಿ ಮುಸ್ಲಿಮ್ ಸರದಾರರಿದ್ದರು. ವಿಜಾಪುರದ ಸೇವೆಯಲ್ಲಿ ಮರಾಠಾ ಸರದಾರರಿದ್ದರು. ಮುಧೋಳದ ಘೋರ್ಪಡೆ ಮನೆತನವು ಆದಿಲಶಾಹರ ಸೇವೆಯಿಂದಲೇ ಮುಂದೆ ಪ್ರಬಲವಾಯಿತು. ಹಾಗೆಂದು ಆ ಯುದ್ಧದಲ್ಲಿ ಮತಕ್ಕೆ ಯಾವ ಪಾತ್ರವೂ ಇರಲಿಲ್ಲವೆಂದಾಗಲಿ, ವಿಜಯನಗರದ ವಿನಾಶವು ಘೋರವಾಗಿರಲಿಲ್ಲವೆಂದಾಗಲಿ ಹೇಳುವುದು ಸಲ್ಲದು. ಆದರೆ ಮತವೊಂದೇ ಕಾರಣವಾಗಿದ್ದರೆ ಮೊದಲಿನ ಮೈತ್ರಿಗೆ ವಿವರಣೆ ದೊರೆಯಲಾರದು. 1686ರಲ್ಲಿ ವಿಜಾಪುರವನ್ನು ಗೆದ್ದುಕೊಂಡವನು ಔರಂಗಜೇಬನೆಂಬುದನ್ನೂ ಮರೆಯಲಾಗದು.

ಈಟನ್ ಮತ್ತು ಫಿಲಿಪ್ ವ್ಯಾಗನರ್ ಇಬ್ಬರೂ ಸೇರಿ ಬರೆದ 2014ರ ಗ್ರಂಥವು ಕಲ್ಯಾಣ, ರಾಯಚೂರು, ವರಂಗಲ್ಲುಗಳ ಕೋಟೆ ಕಟ್ಟಡಗಳನ್ನು ಆಧಾರವಾಗಿಟ್ಟುಕೊಂಡಿದೆ. ವಿಜಾಪುರದ ಅರೆಕಿಲ್ಲೆಯ ದ್ವಾರದಲ್ಲಿ ಚಾಲುಕ್ಯ ಕಾಲದ ಕಂಬಗಳನ್ನು ನಿಲ್ಲಿಸಿರುವುದು ಕೇವಲ ಕಲ್ಲಿನ ಮರುಬಳಕೆಯಲ್ಲ. ಕಲ್ಯಾಣದ ಚಾಲುಕ್ಯರ ಕೀರ್ತಿಗೆ ತಾವೂ ವಾರಸುದಾರರೆಂಬ ಘೋಷಣೆ ಎಂದು ಅವರು ವಾದಿಸುತ್ತಾರೆ. ವಿಜಯನಗರವೂ ಅದೇ ಸ್ಮೃತಿಗಾಗಿ ಸ್ಪರ್ಧಿಸುತ್ತಿದ್ದಿತು. ಎಮ್ಮಾ ಫ್ಲಾಟ್ ಅವರ 2019ರ ಗ್ರಂಥವು ಪಾರಸಿ ಭಾಷೆಯ ಸಂಸ್ಕೃತಿ ಹಬ್ಬಿದ್ದ ವಿಶಾಲ ಲೋಕದಲ್ಲಿ ದಖ್ಖನಿನ ಆಸ್ಥಾನಿಕರು ಯಾವ ಕಲೆ ಕೌಶಲಗಳಿಂದ ಮಾನ್ಯತೆ ಗಳಿಸುತ್ತಿದ್ದರೆಂಬುದನ್ನು ವಿವರಿಸುತ್ತದೆ.

2. ಫಿರಿಶ್ತಾ ಮತ್ತು ಆತನ ಓದುಗರು

ಆ ಪಾರಸಿ ಲೋಕದ ಪ್ರಸಿದ್ಧ ಇತಿಹಾಸಕಾರನೊಬ್ಬನು ವಿಜಾಪುರದಲ್ಲಿಯೇ ಕುಳಿತು ಬರೆದನೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಎರಡನೆಯ ಇಬ್ರಾಹೀಮ್ ಆದಿಲಶಾಹನ (1580–1627) ಆಶ್ರಯದಲ್ಲಿದ್ದ ಫಿರಿಶ್ತಾನೇ ಆತ. ಮನಾನ್ ಅಹಮದ್ ಆಸಿಫ್ ಅವರು 2020ರಲ್ಲಿ ಪ್ರಕಟಿಸಿದ 'ದಿ ಲಾಸ್ ಆಫ್ ಹಿಂದೂಸ್ತಾನ್' ಎಂಬ ಕೃತಿಯ ಕೇಂದ್ರದಲ್ಲಿರುವುದು ಇವನ ಇತಿಹಾಸವೇ. ಫಿರಿಶ್ತಾನಿಗೆ ಹಿಂದೂಸ್ತಾನವೆಂದರೆ ಅನೇಕ ಮತಗಳವರು ಕೂಡಿ ಬಾಳಿದ ಒಂದು ದೇಶವಾಗಿದ್ದಿತು. 1768ರಲ್ಲಿ ಅಲೆಕ್ಸಾಂಡರ್ ಡೌ, 1829ರಲ್ಲಿ ಜಾನ್ ಬ್ರಿಗ್ಸ್ ಪ್ರಕಟಿಸಿದ ಭಾಷಾಂತರಗಳ ಮೂಲಕ ಅವನನ್ನು ಓದಿದ ಯುರೋಪಿಯನ್ ಲೇಖಕರು ಘಟನಾವಳಿಯನ್ನು ತೆಗೆದುಕೊಂಡು ಆ ಕಲ್ಪನೆಯನ್ನು ಬಿಟ್ಟರೆಂಬುದು ಆಸಿಫ್ ಅವರ ವಾದ. ಆಸ್ಥಾನದ ಇತಿಹಾಸಕಾರನಿಗೂ ತನ್ನದೇ ಪಕ್ಷಪಾತಗಳಿರುತ್ತವೆಂಬ ಎಚ್ಚರಿಕೆಯನ್ನು ಇಲ್ಲಿ ಇಟ್ಟುಕೊಳ್ಳಬೇಕು. ಆದರೂ ಮೂಲವನ್ನೂ ಭಾಷಾಂತರವನ್ನೂ ಬೇರೆಬೇರೆಯಾಗಿ ವಿಚಾರಿಸಬೇಕೆಂಬ ಪಾಠ ಅಮೂಲ್ಯವಾದುದು.

3. ಆಧುನಿಕ ಕಾಲ ಮತ್ತು ಜಾಗತಿಕ ರಾಜಕಾರಣ

ಮಧ್ಯಯುಗದ ಸಂಗತಿ ಹೀಗಿರಲು, ಜಗತ್ತಿನ ಮುಸಲ್ಮಾನರೆಲ್ಲರೂ ಒಂದೇ ರಾಜಕೀಯ ಸಮುದಾಯವೆಂಬ ಭಾವನೆ ಎಲ್ಲಿಂದ ಬಂದಿತು? ಜೆಮಿಲ್ ಆಯ್ದಿನ್ ಅವರ 'ದಿ ಐಡಿಯಾ ಆಫ್ ದಿ ಮುಸ್ಲಿಮ್ ವರ್ಲ್ಡ್' (2017) ಈ ಪ್ರಶ್ನೆಯನ್ನು ನೇರವಾಗಿ ಎದುರಿಸುತ್ತದೆ. ಅವರ ಅಭಿಪ್ರಾಯದಂತೆ ಈ ಭಾವನೆಯು 19ನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡಿತು. ಯುರೋಪಿಯನ್ ಸಾಮ್ರಾಜ್ಯಗಳು ಮುಸಲ್ಮಾನರನ್ನು ಒಂದು ಜನಾಂಗವೆಂಬಂತೆ ಕಂಡವು. ಮುಸ್ಲಿಮ್ ಚಿಂತಕರು ಆ ಕೀಳುಗಾಣಿಕೆಗೆ ಉತ್ತರವಾಗಿ ಐಕ್ಯವನ್ನು ಸಾರಿದರು. ಆ ಕಾಲದಲ್ಲಿ ತುರ್ಕಿಯ ಸುಲ್ತಾನನಿಗಿಂತ ಹೆಚ್ಚು ಮಂದಿ ಮುಸ್ಲಿಮ್ ಪ್ರಜೆಗಳು ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿದ್ದರೆಂಬುದು ಗಮನಾರ್ಹ. ಹಜ್ ಯಾತ್ರೆ, ಸೂಫಿ ಪರಂಪರೆಗಳು ಇವುಗಳಿಂದ ಬೆಳೆದಿದ್ದ ಹಳೆಯ ಬಾಂಧವ್ಯಕ್ಕೆ ಆಯ್ದಿನ್ ಅವರು ಸಾಕಷ್ಟು ತೂಕ ಕೊಟ್ಟಿಲ್ಲವೆಂದು ನಮಗೆ ತೋರುತ್ತದೆ. ಆದರೆ ಖಿಲಾಫತ್ ಚಳವಳಿಯನ್ನು ತಿಳಿಯಲು ಅವರ ಗ್ರಂಥ ಉಪಯುಕ್ತವಾಗಿದೆ. 1924ರ ಮಾರ್ಚಿಯಲ್ಲಿ ತುರ್ಕಿಯವರೇ ಖಲೀಫನ ಪದವಿಯನ್ನು ರದ್ದುಗೊಳಿಸಿದರು; ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಬೆಳಗಾವಿಯ ಅಧಿವೇಶನವನ್ನು ಬೋಧಿಸುವಾಗ ಅಂಕಾರಾದ ನಿರ್ಣಯವನ್ನು ಬಿಟ್ಟರೆ ಪಾಠ ಅಪೂರ್ಣವಾಗುವುದು.

ಎರಿಕ್ ಬೆವರ್ಲಿ ಅವರು 2015ರಲ್ಲಿ ಹೈದರಾಬಾದ್ ಸಂಸ್ಥಾನವನ್ನು ಕುರಿತು ಬರೆದ ಗ್ರಂಥವೂ ಉಲ್ಲೇಖನೀಯ. ಸಂಸ್ಥಾನಗಳು ಹಿಂದಿನ ಕಾಲದ ಅವಶೇಷಗಳು ಮಾತ್ರವಾಗಿರಲಿಲ್ಲ. ಹೊರಲೋಕದ ವಿಚಾರಗಳನ್ನು ಬರಮಾಡಿಕೊಂಡು ಅಲ್ಪ ಸಾರ್ವಭೌಮತ್ವವನ್ನು ಜಾಣ್ಮೆಯಿಂದ ನಡೆಸಿದ ರಾಜ್ಯಗಳೂ ಆಗಿದ್ದವು ಎಂದು ಅವರು ಹೇಳುತ್ತಾರೆ. ಈ ಪ್ರಶ್ನೆಯನ್ನು ನಮ್ಮ ಚಿಕ್ಕ ಸಂಸ್ಥಾನಗಳಿಗೂ ಕೇಳಬಹುದಾಗಿದೆ. ಒಂದಕ್ಕೊಂದು ಅಂಟಿಕೊಂಡಿರುವ ನೇಕಾರರ ಊರುಗಳಾದ ರಬಕವಿ ಸಾಂಗಲಿಗೂ ಬನಹಟ್ಟಿ ಜಮಖಂಡಿಗೂ ಸೇರಿದ್ದವು. ಮುಧೋಳ ಬೇರೆಯೇ ಸಂಸ್ಥಾನವಾಗಿದ್ದಿತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಇದ್ದ ಈ ಗಡಿಗಳು ಮಗ್ಗ, ಸಂತೆ, ಸುಂಕಗಳ ಮೇಲೆ ಯಾವ ಪರಿಣಾಮ ಮಾಡಿದವು ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ.

4. ಉಪಸಂಹಾರ

ಈ ಗ್ರಂಥಗಳೆಲ್ಲ ಒಂದೇ ಮಾತನ್ನು ಹೇಳುವುದಿಲ್ಲ. ಆದರೂ ಇವುಗಳಿಂದ ಒಂದು ವಿವೇಕವನ್ನು ಪಡೆಯಬಹುದು. 'ಇಸ್ಲಾಮು ಹೀಗೆ ಮಾಡಿತು' ಎಂಬ ವಾಕ್ಯವು ಇತಿಹಾಸದ ಉತ್ತರವಲ್ಲ. ಮಾಡಿದವರು ಯಾರು, ಯಾವ ಅಧಿಕಾರದಲ್ಲಿದ್ದರು, ಯಾವ ಭಾಷೆಯಲ್ಲಿ ಬರೆದರು, ಯಾರ ಭೂಮಿಯ ಉತ್ಪನ್ನವನ್ನು ಉಂಡರು ಎಂದು ಕೇಳಿದಾಗಲೇ ಇತಿಹಾಸ ಆರಂಭವಾಗುತ್ತದೆ. ಹಿಂದೂ ಎಂಬ ಮಾತಿಗೂ ಇದೇ ನಿಯಮ ಅನ್ವಯಿಸುತ್ತದೆ.

ಇವುಗಳಲ್ಲಿ ಕೊರತೆಯೂ ಇದೆ. ಇವುಗಳ ದೃಷ್ಟಿ ಬಹುಮಟ್ಟಿಗೆ ಅರಮನೆ, ಕೋಟೆ, ಪಾರಸಿ ಬರಹಗಳ ಮೇಲಿದೆ. ಕನ್ನಡದ ರೈತ, ಗೌಡ, ಕುಲಕರ್ಣಿಗಳು ಅಂಚಿನಲ್ಲಿ ನಿಂತಿದ್ದಾರೆ. ಆದಿಲಶಾಹಿ ಕಾಲದ ಕೃತಿಗಳನ್ನು ಕನ್ನಡಕ್ಕೆ ತರಲು ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರವು ಕೈಗೊಂಡ ಕಾರ್ಯ ಈ ದಿಸೆಯಲ್ಲಿ ಸ್ತುತ್ಯವಾದುದು. ಇನ್ನುಳಿದ ಕೆಲಸ ನಮ್ಮ ವಿದ್ಯಾರ್ಥಿಗಳದು. ಮಠ, ದರ್ಗಾ, ವಾಡೆಗಳಲ್ಲಿರುವ ಮೋಡಿ ಮತ್ತು ಪಾರಸಿ ಕಾಗದಪತ್ರಗಳನ್ನು ಪಟ್ಟಿಮಾಡುವುದು, ರಿವಾಯತ ಪದಗಳನ್ನು ಹಾಡಿದವರ ಊರು ಕಾಲಗಳೊಡನೆ ಬರೆದಿಡುವುದು, ಮೋಡಿ ಲಿಪಿಯನ್ನು ಕಲಿಯುವುದು — ಇವು ದೊಡ್ಡ ವೆಚ್ಚವಿಲ್ಲದೆ ಸಾಧಿಸಬಹುದಾದ ಕಾರ್ಯಗಳು. ಇಂಥ ಸಾಮಗ್ರಿ ಕೈಗೆ ಬಂದ ದಿನ, ಸಾವಳಗಿಯ ವಿದ್ಯಾರ್ಥಿಯು ಈ ಗ್ರಂಥಗಳನ್ನು ಓದಿ ಒಪ್ಪಿಕೊಳ್ಳುವವನಾಗಿ ಮಾತ್ರ ಉಳಿಯದೆ, ಅವುಗಳನ್ನು ತಿದ್ದಬಲ್ಲವನೂ ಆಗುವನೆಂಬುದು ನಮ್ಮ ನಂಬಿಕೆ.