ಕೆರೆಯ ಮೀನು ಮುಂಜಾವದಲ್ಲಿ ಸಾಯುವುದೇಕೆ?

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಇಂಥ ಸಂದರ್ಭಗಳಲ್ಲಿ ಜನರಿಗೆ ಮೊದಲು ವಿಷಪ್ರಾಶನದ ಗುಮಾನಿ ಬರುವುದು ಸಹಜವಾದರೂ, ಕೊಳಚೆ ಸೇರುವ ಕೆರೆಗಳಲ್ಲಿ ಮೀನುಗಳು ಹೆಚ್ಚಾಗಿ ಸಾಯುವುದು ಉಸಿರುಗಟ್ಟಿ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯಿಂದ ನೀರಿಗೆ ಆಮ್ಲಜನಕವನ್ನು ತುಂಬುವ ಹಸಿರು ಪಾಚಿಯೇ ರಾತ್ರಿಯಿಡೀ ಅದನ್ನು ಉಸಿರಾಡಿ ಮುಗಿಸುತ್ತದೆ. ಕೊಳಚೆಯನ್ನು ಕೊಳೆಯಿಸುವ ಸೂಕ್ಷ್ಮಾಣುಗಳೂ ಅದರಲ್ಲಿ ಪಾಲು ಪಡೆಯುವುದರಿಂದ, ಸೂರ್ಯೋದಯಕ್ಕೆ ಮುಂಚೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಒದ್ದಾಡುತ್ತವೆ.

ಪಾಚಿ ಹೀಗೆ ಉಕ್ಕಲು ಕಾರಣವೇನು ಎಂಬ ಪ್ರಶ್ನೆಯನ್ನು ಕೆನಡಾದ ಒಂಟಾರಿಯೊದಲ್ಲಿ ಸರೋವರ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಂಗಡಿಗರು ಒಂದು ಇಡೀ ಸರೋವರವನ್ನೇ ಪ್ರಯೋಗಾಲಯವಾಗಿಸಿಕೊಂಡು ಬಿಡಿಸಿದರು. 226ನೆಯ ಸಂಖ್ಯೆಯ ಆ ಸರೋವರವು ನಡುವಿನಲ್ಲಿ ಡಮರುವಿನಂತೆ ಕಿರಿದಾಗಿದ್ದು, ಅಲ್ಲಿಗೇ ಪ್ಲಾಸ್ಟಿಕ್ ಪರದೆ ಕಟ್ಟಿ, 1973ರಲ್ಲಿ ಎರಡೂ ಭಾಗಗಳಿಗೆ ಇಂಗಾಲವನ್ನೂ ಸಾರಜನಕವನ್ನೂ ಉಣಿಸಿ, ಒಂದು ಭಾಗಕ್ಕೆ ಮಾತ್ರ ರಂಜಕವನ್ನು ಸೇರಿಸಲಾಯಿತು. ರಂಜಕ ಬಿದ್ದ ಭಾಗವು ದಟ್ಟ ಹಸಿರಾಯಿತು, ಪರದೆಯ ಆಚೆಯ ನೀರು ತಿಳಿಯಾಗಿಯೇ ಉಳಿಯಿತು. ಆ ದೃಶ್ಯವನ್ನು ವಿಮಾನದಿಂದ ತೆಗೆದ ಚಿತ್ರವು ಸರೋವರ ವಿಜ್ಞಾನದ ಅತ್ಯಂತ ಪ್ರಭಾವಶಾಲಿ ಚಿತ್ರಗಳಲ್ಲೊಂದು. ಒಂದು ಕಿಲೋ ರಂಜಕವು ಸುಮಾರು 500 ಕಿಲೋ ಹಸಿ ಪಾಚಿಯನ್ನು ಬೆಳೆಸಬಲ್ಲದೆಂಬ ಅಂದಾಜಿದೆ. ಮಲಮೂತ್ರ, ಸೋಪಿನ ಪುಡಿ, ಹೊಲದ ಗೊಬ್ಬರ ಇವೇ ರಂಜಕದ ಮುಖ್ಯ ಮೂಲಗಳು.

ಆದ್ದರಿಂದ ಕೊಳಚೆಯ ಕಾಲುವೆಯನ್ನು ತಡೆಯದೆ ಏರಿಯ ಮೇಲೆ ಕಾರಂಜಿ ಕಟ್ಟಿ, ಅಂತರಗಂಗೆ ಕಿತ್ತು, ಮೀನುಮರಿ ಬಿಡುವ ಕಾರ್ಯಕ್ರಮಗಳು ವ್ಯರ್ಥ ವೆಚ್ಚವೇ ಸರಿ. ಹೂಳನ್ನು ತೆಗೆಯಬೇಕಾದುದು ಆಳಕ್ಕಾಗಿ ಮಾತ್ರವಲ್ಲ. ತಳದಲ್ಲಿ ಆಮ್ಲಜನಕ ಮುಗಿದೊಡನೆ ಹೂಳಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡಿದ್ದ ರಂಜಕವು ಬಿಡುಗಡೆಯಾಗಿ ಮತ್ತೆ ನೀರಿಗೆ ಸೇರುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ವ್ಯವಸ್ಥೆಯು ಈ ತಿಳಿವಳಿಕೆಗೆ ಹೊಂದುವ ಮಾರ್ಗ.

ಮೀನಿನ ಆಯ್ಕೆಯೂ ನೀರಿನ ಗುಣವನ್ನು ಬದಲಿಸುತ್ತದೆ. ಕಾಟ್ಲಾ ಮೇಲ್ಪದರದಲ್ಲೂ ರೋಹು ನಡುವಿನಲ್ಲೂ ಮೃಗಾಲ್ ತಳದಲ್ಲೂ ಮೇಯುವುದರಿಂದ ಮೂರನ್ನೂ ಒಟ್ಟಿಗೆ ಸಾಕಬಹುದು. ಸಾಮಾನ್ಯ ಗೆಂಡೆ ಅತಿಯಾದರೆ ತಳವನ್ನು ಕೆದಕಿ ನೀರನ್ನು ಸದಾ ಕದಡುತ್ತದೆ. ಮೀನುಮರಿ ಬಿಡುವ ಮುನ್ನ ಊರವರು ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ ನೋಡಲಿ: ಅಂಗೈ ಹಸಿರಿನಲ್ಲಿ ಮರೆಯಾದರೆ, ಮೊದಲು ಕಾಲುವೆಯ ಕೊಳಚೆಯನ್ನು ನಿಲ್ಲಿಸಬೇಕು.