ಸಾರಣೆ, ಕಾರಣೆ ಮತ್ತು ಮಿತವ್ಯಯದ ಗೃಹಾಲಂಕಾರ

ಮಳೆ ಹಿಂದೆಗೆದು ನವರಾತ್ರಿ ಸಮೀಪಿಸಿತೆಂದರೆ ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ಬಣ್ಣದ ಡಬ್ಬಗಳನ್ನು ಕೊಂಡೊಯ್ಯುವವರ ಓಡಾಟ ಹೆಚ್ಚುವುದು. ನಾಲ್ಕು ತಿಂಗಳ ಮಳೆಯನ್ನು ಕುಡಿದ ಗೋಡೆಗಳು ಆ ವೇಳೆಗೆ ಹಸಿರು ಕಪ್ಪು ಕಲೆಗಳಿಂದ ತುಂಬಿರುತ್ತವೆ. ಹಬ್ಬಕ್ಕೆ ಬಂಧುಗಳು ಬರತಕ್ಕವರಿರುತ್ತಾರೆ. ಕೆಲವು ಮನೆಗಳಿಗೆ ಹೆಣ್ಣನ್ನು ನೋಡುವುದಕ್ಕಾಗಿ ವರನ ಕಡೆಯವರೂ ಬರತಕ್ಕವರಿರುತ್ತಾರೆ. ಇಂಥ ಸಮಯದಲ್ಲಿ ಗೃಹಸ್ಥನು ತನ್ನ ಪೆಟ್ಟಿಗೆಯಲ್ಲಿ ಎಷ್ಟಿದೆಯೆಂಬುದನ್ನು ನೋಡುವುದಕ್ಕೆ ಮೊದಲೇ ಸಾಲ ಕೊಡುವವರ ಬಾಗಿಲಿಗೆ ಹೋಗುವುದನ್ನು ನಾವು ಅನೇಕ ಕಡೆಗಳಲ್ಲಿ ಕಂಡಿದ್ದೇವೆ. ಗೋಡೆಯ ಬಣ್ಣಕ್ಕಾಗಿ ಮಾಡಿದ ಸಾಲವು ಆ ಬಣ್ಣಕ್ಕಿಂತ ಹೆಚ್ಚುಕಾಲ ಬಾಳುವುದುಂಟು. ಅದನ್ನು ತಪ್ಪಿಸುವ ಉಪಾಯವು ಬಹುಮಟ್ಟಿಗೆ ನಮ್ಮ ನಾಡಿನ ಸುಣ್ಣದಲ್ಲಿಯೂ ಮಣ್ಣಿನಲ್ಲಿಯೂ ಇರುವುದೆಂಬುದನ್ನು ಗೃಹಿಣಿಯರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಹಿರಿಯರು ಸಾರಣೆ ಕಾರಣೆ ಎಂಬ ಎರಡು ಮಾತುಗಳನ್ನು ಜೊತೆಯಾಗಿಯೇ ಆಡುತ್ತಿದ್ದರು. ಸಾರಣೆಯೆಂದರೆ ಸಗಣಿಯಿಂದ ನೆಲವನ್ನು ಸಾರಿಸುವುದು. ಕಾರಣೆಯೆಂದರೆ ಸುಣ್ಣ ಬಳಿದ ಗೋಡೆಗೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು. ಮೊದಲನೆಯದು ಶುಚಿ, ಎರಡನೆಯದು ಅಲಂಕಾರ. ಈ ಕ್ರಮವನ್ನು ತಿರುವುಮುರುವು ಮಾಡಿದವರು ಯಾರೂ ಇರಲಿಲ್ಲ. ಸಂಸ್ಕೃತದಲ್ಲಿ ಸುಣ್ಣಕ್ಕೆ ಸುಧಾ ಎಂದು ಹೆಸರು. ಅಮೃತಕ್ಕೂ ಅದೇ ಹೆಸರು. ಸುಧೆಯನ್ನು ಬಳಿದ ಮನೆ ಯಾವುದೋ ಅದು ಸೌಧ. ಅಮರಕೋಶವು ಆ ಪದವನ್ನು ರಾಜಗೃಹಕ್ಕೆ ಮೀಸಲಾಗಿಟ್ಟಿರುವುದು ನಿಜವಾದರೂ, ಪದದ ಹುಟ್ಟನ್ನು ನೋಡಿದರೆ ಬೆಂಗಳೂರಿನಲ್ಲಿ 1956ರಲ್ಲಿ ಪೂರ್ಣವಾದ ಕಲ್ಲಿನ ವಿಧಾನಸೌಧಕ್ಕಿಂತ, ಸುಣ್ಣ ಹೊಡೆದ ನಮ್ಮ ಎರಡಂಕಣದ ಮನೆಗೇ ಸೌಧವೆಂಬ ಹೆಸರು ಹೆಚ್ಚು ಒಪ್ಪುವುದು! ವೈಯಾಕರಣರು ನಮ್ಮನ್ನು ಕ್ಷಮಿಸಲಿ.

ಶಿವಮೊಗ್ಗೆಯಲ್ಲಿ ತುಂಗೆಯ ದಡಕ್ಕೆ ಸಮೀಪವಾಗಿ ನಮಗೆ ಪರಿಚಿತವಾದ ಮನೆಯೊಂದುಂಟು. ಮಣ್ಣಿನ ದಪ್ಪಗೋಡೆ, ಮಂಗಳೂರು ಹೆಂಚಿನ ಮಾಡು. ಮೂರು ತಲೆಮಾರುಗಳ ಕಾಲ ಪ್ರತಿ ವರ್ಷವೂ ಆ ಗೋಡೆಗಳಿಗೆ ಸುಣ್ಣವೇ ನಡೆದುಬಂದಿತ್ತು. ಮಗಳ ಮದುವೆಯ ಮಾತು ಬಂದ ವರ್ಷ ಮನೆಯವರು ಸಾಲಮಾಡಿ, ಒರೆಸಿದರೆ ಹೊಳೆಯುವ ಪ್ಲಾಸ್ಟಿಕ್ ಬಣ್ಣವನ್ನು ಒಳಗೂ ಹೊರಗೂ ಹೊಡೆಸಿದರು. ದೀಪಾವಳಿಗೆ ಮನೆಯು ಚಿತ್ರಪಟದಂತೆ ಇದ್ದಿತು. ಮರುವರ್ಷದ ಆಷಾಢದಲ್ಲಿ ಗೋಡೆಯ ಬುಡದಿಂದ ಮೊಳಕಾಲೆತ್ತರದವರೆಗೆ ಬಣ್ಣವು ಹಪ್ಪಳದಂತೆ ಉಬ್ಬಿತು. ಭಾದ್ರಪದದ ಹೊತ್ತಿಗೆ ಅಂಗೈಯಗಲದ ಚಕ್ಕೆಗಳಾಗಿ, ಒಳಗಿನ ಮಣ್ಣನ್ನೂ ಕಿತ್ತುಕೊಂಡು ಕೆಳಗೆ ಬಿದ್ದಿತು. ಮದುವೆಯೇನೋ ಸುಖವಾಗಿ ನಡೆಯಿತು. ಆದರೆ ಬಣ್ಣದ ಕಂತನ್ನು ಇನ್ನೂ ಎರಡು ವರ್ಷ, ಬಣ್ಣವಿಲ್ಲದ ಗೋಡೆಯನ್ನು ನೋಡುತ್ತ, ಆ ತಾಯಿತಂದೆಗಳು ಕಟ್ಟಬೇಕಾಯಿತು.

ಹೀಗೇಕಾಯಿತೆಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ. ತಳಪಾಯಕ್ಕೆ ತೇವ ತಡೆಯುವ ಪದರವಿಲ್ಲದ ಹಳೆಯ ಗೋಡೆಯು ನೆಲದಿಂದ ನೀರನ್ನು ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಮೇಲಕ್ಕೆ ಹೀರುತ್ತದೆ. ಸುಣ್ಣದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ಆ ತೇವವು ಆವಿಯಾಗಿ ಹೊರಗೆ ಹೋಗುವುದು. ಪ್ಲಾಸ್ಟಿಕ್ ಬಣ್ಣವು ಆ ದಾರಿಯನ್ನು ಮುಚ್ಚುತ್ತದೆ. ಹೊರಡಲು ದಾರಿಯಿಲ್ಲದ ನೀರು ಬಣ್ಣದ ಬೆನ್ನಿಗೆ ನಿಂತು ಅದನ್ನು ನೂಕುವುದು. ಜೊತೆಗೆ ಗೋಡೆಯ ಉಪ್ಪೂ ಅಲ್ಲಿಯೇ ಹರಳುಗಟ್ಟಿ ಗಾರೆಯನ್ನು ಪುಡಿಮಾಡುವುದು. ದೋಷವು ಬಣ್ಣದ್ದಲ್ಲ. ಸಿಮೆಂಟಿನ ಒಣ ಗೋಡೆಯ ಮೇಲೆ ಅದೇ ಬಣ್ಣ ಹಲವು ವರ್ಷ ಚೆನ್ನಾಗಿ ಬಾಳುತ್ತಿತ್ತು.

ಆದುದರಿಂದ ಅಲಂಕಾರಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೊದಲ ಪಾಲು ನೀರಿಗೆ ಸಲ್ಲತಕ್ಕದ್ದು. ಒಡೆದ ಹೆಂಚುಗಳನ್ನು ಬದಲಾಯಿಸಿ, ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೋಣಿಯನ್ನೋ ಕಾಲುವೆಯನ್ನೋ ಮಾಡಿ, ಗೋಡೆಗೆ ಒತ್ತಿಕೊಂಡ ಮಣ್ಣನ್ನೂ ಹೂಕುಂಡಗಳನ್ನೂ ದೂರ ಸರಿಸಬೇಕು. ಇದರಲ್ಲಿ ಸೊಗಸೇನೂ ಕಾಣುವುದಿಲ್ಲ. ನೆರೆಯವರು ಬಂದು ಹೊಗಳುವುದೂ ಇಲ್ಲ. ಆದರೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕಲೆಯ ಪ್ರಸ್ತಾಪ ಬಂದಾಗ, ಗೋಡೆಯನ್ನು ನುಣುಪುಮಾಡುವುದು, ಎಮ್ಮೆಯ ಚರ್ಮವನ್ನು ಬೇಯಿಸಿ ವಜ್ರಲೇಪವೆಂಬ ಅಂಟನ್ನು ತಯಾರಿಸುವುದು, ಅದನ್ನು ಬಿಳಿಯ ಮಣ್ಣಿನೊಡನೆ ಕೂಡಿಸಿ ಬಳಿಯುವುದು, ಇವೆಲ್ಲವನ್ನೂ ಹೇಳಿದೆ. ಅರಮನೆಯ ಗೋಡೆಗೇ ಇಷ್ಟು ಪೂರ್ವಸಿದ್ಧತೆ ಬೇಕಾಗಿದ್ದರೆ ನಮ್ಮ ಗೋಡೆಗೆ ಬೇಡವೆನ್ನುವುದು ಹೇಗೆ?

ಹೆಂಚಿನ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಈ ಬಗೆಯ ಮಾಡು ಮಲೆನಾಡಿನಲ್ಲೆಲ್ಲ ಹರಡಿತು. ಅದೇ ಅಳತೆಯ ಗಾಜಿನ ಹೆಂಚುಗಳೂ ದೊರೆಯುತ್ತವೆ. ನಡುಮನೆಯ ಮೇಲೆ ಒಂದು, ಅಡಿಗೆಮನೆಯ ಮೇಲೆ ಒಂದು ಗಾಜಿನ ಹೆಂಚನ್ನು ಹೊದಿಸಿದರೆ ಆಗುವ ಬದಲಾವಣೆಯು ಎಷ್ಟು ಬಣ್ಣ ಹೊಡೆದರೂ ಆಗದು. ಕತ್ತಲೆಯ ಕೋಣೆಗೆ ಯಾವ ಬಣ್ಣವಾದರೂ ಒಂದೇ.

ಇನ್ನು ಸುಣ್ಣದ ವಿಧಾನ. ಸುಟ್ಟ ಸುಣ್ಣಕಲ್ಲಿಗೆ ನೀರು ಹಾಕಿದರೆ ಅದು ಕೊತಕೊತನೆ ಕುದಿದು ಸಿಡಿಯುವುದಾದುದರಿಂದ, ಮಕ್ಕಳಿರುವ ಮನೆಗೆ ಅಂಗಡಿಯಲ್ಲಿ ಚೀಲದಲ್ಲಿ ದೊರೆಯುವ ಅರಳಿದ ಸುಣ್ಣದ ಹಿಟ್ಟೇ ಕ್ಷೇಮ. ಒಂದು ಕಿಲೋ ಸುಣ್ಣಕ್ಕೆ ಸುಮಾರು 5 ಲೀಟರು ನೀರು ಬೆರಸಿ ಒಂದು ಹಗಲು ಒಂದು ರಾತ್ರಿ ನೆನೆಯಲು ಬಿಟ್ಟು, ಮರುದಿನ ಹಳೆಯ ಬಟ್ಟೆಯಲ್ಲಿ ಸೋಸಬೇಕು. ಅಂಟಿಗಾಗಿ ಅನ್ನದ ಗಂಜಿಯನ್ನು ಬಿಸಿಯಾಗಿಯೇ ಕೂಡಿಸುವುದು ವಾಡಿಕೆ. ಬಿಳುಪಿನಲ್ಲಿ ಹಳದಿಯ ಛಾಯೆ ಕಾಣದಿರಲೆಂದು ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆಯಷ್ಟು ಹಾಕಬಹುದು. ಚಿಟಿಕೆ ಹಿಡಿಯಾದರೆ ಮನೆ ಧೋಬಿಖಾನೆಯಾಗುತ್ತದೆ. ಗೋಡೆಯನ್ನು ಗುಡಿಸಿ, ನೀರು ಚಿಮುಕಿಸಿ, ಹಾಲಿನಷ್ಟು ತೆಳುವಾಗಿ ಬಳಿಯಬೇಕು. ಒಂದು ಸಲ ಮೇಲಿನಿಂದ ಕೆಳಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಸಲ ಅಡ್ಡಲಾಗಿ. ಒದ್ದೆಯಿರುವಾಗ ಅದು ಬೆಳ್ಳಗೆ ಕಾಣದು. ಅದನ್ನು ನೋಡಿ ಅವಸರಪಟ್ಟು ದಪ್ಪವಾಗಿ ಬಳಿದವರ ಗೋಡೆಯೇ ಮುಂದೆ ಅಂಗಿಗೆ ಹತ್ತುವುದು. ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುವ ವಸ್ತು. ಅದಕ್ಕೆ ಸಾವಕಾಶ ಬೇಕು. ಅದರ ಕ್ಷಾರಗುಣದಿಂದ ಬೂಷ್ಟು ಹಿಡಿಯುವುದೂ ಕಡಿಮೆ. ಕಣ್ಣಿಗೆ ಕನ್ನಡಕ, ಕೈಗೆ ಎಣ್ಣೆಯನ್ನೋ ಕೈಚೀಲವನ್ನೋ ಮರೆಯಬಾರದು. ಕಣ್ಣಿಗೆ ಹಾರಿದರೆ ಬಹಳ ಹೊತ್ತು ಶುದ್ಧವಾದ ನೀರಿನಲ್ಲಿ ತೊಳೆದು ಕೂಡಲೇ ವೈದ್ಯರ ಬಳಿಗೆ ಹೋಗತಕ್ಕದ್ದು.

ಬಿಳಿಯ ಗೋಡೆ ಬೇಸರವೆನ್ನುವವರು ಸುಣ್ಣದಲ್ಲಿ ಬಣ್ಣ ಕೂಡಿಸಬಹುದು. ಆದರೆ ಅರಸಿನವನ್ನು ಕೂಡಿಸಿ ಹಳದಿ ಗೋಡೆಯನ್ನು ನಿರೀಕ್ಷಿಸುವ ಸೋದರಿಯರು ಆರತಿಯ ಓಕುಳಿಯನ್ನು ಒಮ್ಮೆ ನೆನೆಯಲಿ. ಸುಣ್ಣ ಸೇರಿದ ಅರಸಿನ ಕೆಂಪಾಗುವುದು, ಆ ಕೆಂಪೂ ಬಿಸಿಲಿಗೆ ನಿಲ್ಲದು. ಸುಣ್ಣಕ್ಕೆ ಅಂಜದ ಬಣ್ಣಗಳೆಂದರೆ ಮಣ್ಣಿನ ಬಣ್ಣಗಳೇ. ಅವುಗಳಲ್ಲಿ ಕೆಂಪು ನಮ್ಮ ಜಿಲ್ಲೆಯ ಸ್ವಂತ ಬಣ್ಣವೆಂದರೂ ತಪ್ಪಲ್ಲ. ಸಂಸ್ಕೃತದಲ್ಲಿ ಇದಕ್ಕೆ ಗೈರಿಕವೆಂದು ಹೆಸರು. ಗಿರಿಯಲ್ಲಿ ಹುಟ್ಟಿದ್ದೆಂದು ಅರ್ಥ. ಈ ಮಣ್ಣನ್ನು ಕೆಂಪಾಗಿಸಿರುವುದು ಕಬ್ಬಿಣದ ತುಕ್ಕು. ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದುದೂ, ಅಲ್ಲಿಯ ಅದಿರನ್ನು ತಂದು 1923ರಿಂದ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿದುದೂ ಒಂದೇ ಕಾರಣದಿಂದ. ಕುಲುಮೆಗೆ ಹೋದರೆ ಕಬ್ಬಿಣ, ಗೋಡೆಗೆ ಬಂದರೆ ಕಾರಣೆ.

ಈ ಕೆಂಪಿನ ಮೇಲೆ ಬಿಳಿಯ ಗೆರೆಗಳನ್ನು ಎಳೆದು ಅದನ್ನು ಒಂದು ಕಲೆಯಾಗಿ ಬೆಳೆಸಿದವರು ಸಾಗರ, ಸೊರಬ ಸೀಮೆಯ ದೀವರ ಹೆಂಗಸರು. ಅವರ ಹಸೆ ಚಿತ್ತಾರವನ್ನು ಕಾಣದ ವಾಚಕರು ಅವಶ್ಯವಾಗಿ ಕಾಣಬೇಕು. ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿಯನ್ನು ನೆನೆಸಿ ಅರೆದ ಬಿಳುಪು. ಅಕ್ಕಿಯನ್ನೇ ಸೀಯುವಂತೆ ಹುರಿದು ಅರೆದ ಕಪ್ಪು. ಗುರಿಗೆಯ ಬೀಜದ ಹಳದಿ. ಕುಂಚವೂ ಅಂಗಡಿಯದಲ್ಲ, ಪುಂಡಿಯ ನಾರಿನದು. ಅಳತೆಕೋಲಿಲ್ಲದೆ ಅವರು ಎಳೆಯುವ ಸಮಾಂತರ ರೇಖೆಗಳನ್ನು ನೋಡಿದರೆ, ಕರಿಹಲಗೆಯ ಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗೆರೆ ಎಳೆದ ನಮ್ಮಂಥವರಿಗೆ ನಾಚಿಕೆಯಾಗುವುದು. ಮದುವೆಯ ಮನೆಯಲ್ಲಿ ವಧೂವರರು ಕುಳಿತುಕೊಳ್ಳುವ ಹಸೆಯ ಹಿಂದಿನ ಗೋಡೆಗೂ, ಆಶ್ವಯುಜದ ಭೂಮಿ ಹುಣ್ಣಿಮೆಯಂದು ಹೊಲಕ್ಕೆ ಎಡೆಯನ್ನು ಒಯ್ಯುವ ಬುಟ್ಟಿಗೂ ಈ ಚಿತ್ತಾರ ನಡೆಯುತ್ತದೆ. ಬುಟ್ಟಿಗೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿದು ಅದರ ಮೇಲೆ ಬರೆಯುತ್ತಾರೆ. ಮತ್ತದೇ ಕ್ರಮ: ಮೊದಲು ಸಾರಣೆ, ಆಮೇಲೆ ಕಾರಣೆ.

ಪಟ್ಟಣದ ಮನೆಯಲ್ಲಿ ಬಾಗಿಲುವಾಡದ ಸುತ್ತ ಒಂದು ಗೇಣಗಲ ಕೆಂಪು ಪಟ್ಟೆ, ಅದರ ಮೇಲೆ ಎರಡೆಳೆ ಬಿಳಿಯ ಗೆರೆ, ಇಷ್ಟನ್ನು ಯಾರಾದರೂ ಮಾಡಿಕೊಳ್ಳಬಹುದು. ಅಕ್ಕಿಯ ಬಣ್ಣ ನೀರಿಗೆ ಕರಗುವುದರಿಂದ ಇದು ಸೂರಿನ ಕೆಳಗೋ ಮನೆಯ ಒಳಗೋ ಇರಬೇಕು. ಆದರೆ ನಿಜವಾದ ಚಿತ್ತಾರ ಬೇಕೆನ್ನುವವರು ಅದನ್ನು ಬಲ್ಲ ಹೆಂಗಸರನ್ನು ಕರೆಸಿ, ಬಡಗಿಗೂ ಗಾರೆಯವನಿಗೂ ಕೊಡುವಂತೆ ಅವರಿಗೂ ದಿನಗೂಲಿಯನ್ನು ಲೆಕ್ಕಹಾಕಿ ಕೊಟ್ಟು ಬರೆಸಲಿ. ಅಚ್ಚುಹಾಕಿದ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ ಚಿತ್ತಾರವೆಂದು ಕರೆಯುವುದು ನಮಗೆ ಸ್ವಲ್ಪವೂ ಸರಿತೋರದು. ಅದೇ ಹಣಕ್ಕೆ ಒಬ್ಬ ಕಲಾವಿದೆಯ ಅರ್ಧ ದಿನದ ಕೆಲಸ ಸಿಕ್ಕೀತು.

ಇದುವರೆಗೆ ಹೇಳಿದುದು ಹಳೆಯ ಗೋಡೆಯ ಮಾತು. ಶಿವಮೊಗ್ಗೆಯಿಂದ ಸುಮಾರು 18 ಕಿಲೋಮೀಟರು ಹೋಗಿ ಭದ್ರಾವತಿಯನ್ನು ಸೇರಿದರೆ ಮನೆಗಳೂ ಬೇರೆ, ಕಷ್ಟವೂ ಬೇರೆ. ಕಬ್ಬಿಣದ ಕಾರ್ಖಾನೆಗೂ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗೂ ಕೆಲಸಕ್ಕೆ ಬಂದವರಿಂದ ಬೆಳೆದ ಊರು ಅದು. ಕಾಗದದ ಯಂತ್ರಗಳು ಕಳೆದ ದಶಕದಲ್ಲಿ ನಿಂತುಹೋದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರಲ್ಲಿ ಪ್ರಕಟವಾದಾಗ ಊರೇ ಬೀದಿಗೆ ಬಂದಿತು. ತಿಂಗಳ ಸಂಬಳವನ್ನು ನಂಬಿ ಬೆಳೆದ ಸಂಸಾರಗಳಲ್ಲಿ ಈಗ ಮನೆಯನ್ನು ಹೊಸದುಮಾಡುವುದೆಂದರೆ ಸೊಗಸಿನ ಮಾತಲ್ಲ, ಮನಸ್ಸು ಕುಗ್ಗದಂತೆ ನೋಡಿಕೊಳ್ಳುವ ಮಾತು. ಅಲ್ಲಿಯ ಪೇಪರ್ ಟೌನಿನ ಕಡೆಯ ಒಬ್ಬ ಗೃಹಿಣಿಯು ಗಂಡನ ಸಂಬಳ ನಿಂತ ವರ್ಷವೂ ದೀಪಾವಳಿಗೆ ಮನೆಯನ್ನು ಹೊಸದುಮಾಡಿದರು. ಹೇಗೆಂದು ವಿಚಾರಿಸಿದೆವು. ಆಕೆ ಕೊಂಡದ್ದು ಒಂದು ಸೋಪು, ಒಂದು ಬಾಟಲಿ ಕೊಬ್ಬರಿ ಎಣ್ಣೆ.

ಆಕೆಯ ಮನೆಯದು ಸಿಮೆಂಟಿನ ಗೋಡೆ, ಮೇಲೆ ಹಳೆಯ ಪ್ಲಾಸ್ಟಿಕ್ ಬಣ್ಣ. ಇಂಥ ಗೋಡೆಗೆ ಸುಣ್ಣ ಹಿಡಿಯದು. ಆದರೆ ಸೋಪಿನ ನೀರಿನಿಂದ ಒರೆಸಬಹುದು. ಆಕೆ ಒರೆಸಿದರು. ಗೋಡೆಯ ತುಂಬ ತೂಗಿದ್ದ ಹದಿನಾಲ್ಕು ಕ್ಯಾಲೆಂಡರುಗಳನ್ನು ಇಳಿಸಿ, ಹಿರಿಯರ ಭಾವಚಿತ್ರ ಒಂದನ್ನು ಮಾತ್ರ ಉಳಿಸಿದರು. ನೆಲವು ಸಿಮೆಂಟಿಗೆ ಕೆಂಪು ಬೆರಸಿದ ಹಳೆಯ ಕಾವಿನೆಲ. ಮಂಕಾಯಿತೆಂದು ಅದರ ಮೇಲೆ ರಬ್ಬರಿನ ಹಾಸು ಹಾಸಿದ್ದರು. ಹಾಸನ್ನು ತೆಗೆದು, ಆ್ಯಸಿಡ್ ಮುಟ್ಟಿಸದೆ ಸೌಮ್ಯವಾದ ಸೋಪಿನಿಂದ ತೊಳೆದು, ಒಣಗಿದ ಮೇಲೆ ಬಟ್ಟೆಯಲ್ಲಿ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಉಜ್ಜಿ, ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೆದರು. ಕಾವಿನೆಲ ಮತ್ತೆ ಮುಖ ಕಾಣುವಂತಾಯಿತು. ವೃದ್ಧರಿರುವ ಮನೆಯಲ್ಲಿ ಎಣ್ಣೆಯನ್ನು ಉಳಿಸಬಾರದು, ಜಾರುವುದು. ಹಳೆಯ ಹತ್ತಿ ಸೀರೆಗಳು ಪರದೆಗಳಾದವು. ಹರಿದವು ಒಂದು ಕೌದಿಯಾಗಿ ಮಂಚಕ್ಕೆ ಬಂದವು. ಕೌದಿಯನ್ನು ಬಡತನದ ಗುರುತೆಂದು ಒಳಗೆ ಬಚ್ಚಿಡುವವರಿದ್ದಾರೆ. ಈಗ ಮಹಾನಗರಗಳ ಅಂಗಡಿಗಳಲ್ಲಿ ಅದಕ್ಕೆ ಕೇಳುವ ಬೆಲೆಯನ್ನು ಅವರು ಒಮ್ಮೆ ವಿಚಾರಿಸಲಿ.

ಹಳೆಯ ಬಣ್ಣವನ್ನು ಕೆರೆದೇ ತೀರಬೇಕಾದರೆ ಎಚ್ಚರವಿರಲಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಕಿಟಕಿ ಬಾಗಿಲುಗಳ ಎಣ್ಣೆಬಣ್ಣದಲ್ಲಿ ಸೀಸ ಹೆಚ್ಚಾಗಿರುವ ಸಂಭವವುಂಟು. ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸದೆ, ಒದ್ದೆಮಾಡಿ ಕೆರೆದು, ಚಕ್ಕೆಗಳನ್ನು ಕಾಗದದಲ್ಲಿ ಕೂಡಿಸಿ ತೆಗೆಯಬೇಕು. ಮಕ್ಕಳೂ ಗರ್ಭಿಣಿಯರೂ ಆ ದಿನ ಬೇರೆ ಮನೆಯಲ್ಲಿರಲಿ. ಬಣ್ಣವು ಗಟ್ಟಿಯಾಗಿಯೇ ಇದ್ದರೆ ಅದನ್ನು ಕೆಣಕದಿರುವುದು ಲೇಸು.

ಕಾಲವನ್ನು ಕುರಿತು ಒಂದು ಮಾತು. ಮಳೆ ನಿಂತ ಮರುದಿನವೇ ಸುಣ್ಣ ಬಳಿಯಲು ತೊಡಗಬಾರದು. ಗೋಡೆಗೆ ಎರಡು ಮೂರು ವಾರದ ಬಿಸಿಲು ಗಾಳಿ ಬೇಕು. ಮಹಾಲಯದ ಹೊತ್ತಿಗೆ ಹೆಂಚು ಕಾಲುವೆಗಳ ಕೆಲಸ ಮುಗಿಸಿ, ನವರಾತ್ರಿಗೆ ಮನೆಯೊಳಗಿನ ಧೂಳು ತೆಗೆದು, ಸುಣ್ಣವನ್ನು ದೀಪಾವಳಿಗೆ ಒಂದು ವಾರ ಮುಂಚೆ ಇಟ್ಟುಕೊಂಡರೆ ಕೂಲಿಯವರೂ ಬೇಕಿಲ್ಲ, ಮನೆಮಂದಿಯೇ ಸಾಕು. ಬಳಿದು ಉಳಿದ ಸುಣ್ಣದ ತಿಳಿಯನ್ನು ಚೆಲ್ಲಬಾರದು. ಮಣ್ಣಿನ ಹರವಿಯಲ್ಲಿ ನಾಲ್ಕು ಬೆರಳು ನೀರು ಮೇಲೆ ನಿಲ್ಲುವಂತೆ ತುಂಬಿ, ಬಾಯಿ ಮುಚ್ಚಿ, ಮಕ್ಕಳ ಕೈಗೆ ಎಟುಕದ ಕಡೆ ಇಟ್ಟರೆ ಅದು ಕೆಡದು. ಮುಂದಿನ ವರ್ಷ ಇನ್ನೂ ನುಣ್ಣಗಾಗಿ ಕೈಗೆ ಬರುವುದು.